ತೊಗರಿ ಬೇರಿನ ಗಂಟು ಮತ್ತು ಐದನೇ ತರಗತಿಯ ವಿಜ್ಞಾನ

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆಯು ಶೇ 42.43ರಷ್ಟು ಫಲಿತಾಂಶ ಪಡೆದು ರಾಜ್ಯದ ಕೊನೆಯ ಸ್ಥಾನಕ್ಕೆ ಇಳಿಯಿತು. ಅದರ ಹಿಂದಿನ ವರ್ಷ ಆ ಸ್ಥಾನದಲ್ಲಿ ಯಾದಗಿರಿ ಇತ್ತು. ಫಲಿತಾಂಶ ಬಂದಾಗಲೆಲ್ಲ ಹತ್ತನೇ ತರಗತಿಗೆ ವಿಶೇಷ ತರಗತಿ ನಡೆಸಬೇಕು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು, ರಾತ್ರಿ ಓದಿಸಬೇಕು ಎಂಬ ಮಾತುಗಳು ಕೇಳಿಬರುತ್ತವೆ. ಅವು ಬೇಡವೆಂದು ಯಾರೂ ಹೇಳಲಾರರು. ಆದರೆ ಹತ್ತನೇ ತರಗತಿಯಲ್ಲಿ ವಿಜ್ಞಾನದ ಪುಸ್ತಕ ಕಂಡರೆ ಹಿಂಜರಿಯುವ ವಿದ್ಯಾರ್ಥಿಗೆ ಆ ಹಿಂಜರಿಕೆ ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ. ಕಣ್ಣೆದುರಿನ ಗಿಡವನ್ನು ಬಿಟ್ಟು ಪುಸ್ತಕದ ಗಿಡದ ಚಿತ್ರಕ್ಕೆ ಹೆಸರು ಬರೆಯಲು ಹೇಳಿದ ನಾಲ್ಕನೆಯ, ಐದನೆಯ ತರಗತಿಗಳಲ್ಲೇ ಅದು ಮೊಳೆತಿರುತ್ತದೆ.

ಈ ಭಾಗದ ಬಹಳಷ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗಾಲಯವಿಲ್ಲ, ಆದರೆ ಅಂಗಳವಿದೆ. ಶಾಲಾ ಪೌಷ್ಟಿಕ ಕೈತೋಟಗಳ ಕುರಿತು ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಲವು ಶಾಲೆಗಳಲ್ಲಿ ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ನುಗ್ಗೆ, ಕರಿಬೇವು, ಪುಂಡಿಪಲ್ಯ, ಬದನೆ ಬೆಳೆಯುವುದನ್ನು ನಾವು ನೋಡುತ್ತಲೇ ಇದ್ದೇವೆ. ಆದರೂ ಆ ತೋಟದಿಂದ ವಿಜ್ಞಾನ ಕಲಿತ ಮಕ್ಕಳು ಕಡಿಮೆ. ಕಾರಣ ಸರಳವಾಗಿದೆ. ತೋಟವನ್ನು ಅಡುಗೆಯ ಲೆಕ್ಕಕ್ಕೆ, ಶಾಲೆಯ ಅಂದದ ಲೆಕ್ಕಕ್ಕೆ ಸೇರಿಸಲಾಗಿದೆ. ಪಾಠದ ಲೆಕ್ಕಕ್ಕೆ ಸೇರಿಸಿಲ್ಲ. ಮಕ್ಕಳು ನೀರು ಹಾಕುತ್ತಾರೆ, ಕಳೆ ಕೀಳುತ್ತಾರೆ, ಭೇಟಿಗೆ ಬಂದವರು ಫೋಟೊ ತೆಗೆಯುತ್ತಾರೆ. ಗಂಟೆ ಹೊಡೆದ ಮೇಲೆ ಒಳಗೆ ಹೋಗಿ ‘ಸಸ್ಯದ ಭಾಗಗಳು’ ಎಂಬ ಪಾಠದ ಪ್ರಶ್ನೋತ್ತರವನ್ನು ಕರಿಹಲಗೆಯಿಂದ ಇಳಿಸಿಕೊಳ್ಳುತ್ತಾರೆ. ತೋಟಕ್ಕೂ ಪಾಠಕ್ಕೂ ನಡುವೆ ಇರುವುದು ಹತ್ತು ಹೆಜ್ಜೆಯ ದೂರ. ಆ ದೂರವನ್ನು ದಾಟಿಸುವ ಹೊಣೆಯನ್ನು ಯಾವ ಆದೇಶವೂ ಸ್ಪಷ್ಟವಾಗಿ ಯಾರಿಗೂ ಒಪ್ಪಿಸಿದಂತೆ ಕಾಣುವುದಿಲ್ಲ.

ಆ ದೂರ ದಾಟಿದರೆ ಏನಾಗುತ್ತದೆ ಎಂಬುದನ್ನು ನಾನು ಆಳಂದ ಕಡೆಯ ಒಂದು ಊರಿನ ಶಾಲೆಯಲ್ಲಿ ಕಂಡೆ. ಜುಲೈ ಕೊನೆಯ ವಾರ, ಬಿತ್ತಿ ನಲವತ್ತು ದಿನಗಳಾಗಿದ್ದ ತೊಗರಿ ಗಿಡವೊಂದನ್ನು ಶಿಕ್ಷಕರು ಬೇರು ಹರಿಯದಂತೆ ಮಣ್ಣಿನ ಹೆಂಟೆಯ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ, ಎರೆಮಣ್ಣು ನಿಧಾನವಾಗಿ ಕರಗುವವರೆಗೆ ಕಾದರು. ಬೇರಿನುದ್ದಕ್ಕೂ ಸಾಸಿವೆ ಕಾಳಿನಷ್ಟು, ಕೆಲವೆಡೆ ಜೋಳದ ಕಾಳಿನಷ್ಟು ಗಾತ್ರದ ಗಂಟುಗಳು ಕಂಡವು. “ಸರ್, ಇದಕ ರೋಗ ಬಂದದ್ರಿ” ಎಂದು ಒಬ್ಬ ಹುಡುಗ ಹೇಳಿದ. ಅವನ ತರ್ಕದಲ್ಲಿ ತಪ್ಪಿರಲಿಲ್ಲ, ಮೈಮೇಲೆ ಗಂಟು ಎದ್ದರೆ ಅದು ರೋಗವೇ ಅಲ್ಲವೇ? ಶಿಕ್ಷಕರು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಒಂದು ಗಂಟನ್ನು ಉಗುರಿನಿಂದ ಒತ್ತಿ ಸೀಳಿ ಅಂಗೈ ಮೇಲಿಟ್ಟು ತೋರಿಸಿದರು. ಒಳಗೆ ತಿಳಿಗೆಂಪು ಬಣ್ಣ. “ಒಳಗ ರಗತ ಅದರೀ” ಎಂದಳು ಪಕ್ಕದ ಹುಡುಗಿ.

ಆ ಹುಡುಗಿ ಹೇಳಿದ್ದು ವಿಜ್ಞಾನಕ್ಕೆ ಬಹಳ ಹತ್ತಿರದ ಮಾತು. ಬೇರಿನ ಗಂಟಿನೊಳಗೆ ರೈಜೋಬಿಯಂ ಗುಂಪಿನ ಸೂಕ್ಷ್ಮಾಣುಗಳು ನೆಲೆಸಿರುತ್ತವೆ. ಗಾಳಿಯ ಸಾರಜನಕವನ್ನು ಗಿಡ ಬಳಸಬಹುದಾದ ರೂಪಕ್ಕೆ ತರುವ ಕೆಲಸ ಅವುಗಳದು. ಬದಲಿಗೆ ಗಿಡ ಅವುಗಳಿಗೆ ಸಕ್ಕರೆಯನ್ನು ಕೊಡುತ್ತದೆ. ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ಹೆಚ್ಚಾದರೆ ಕೆಡುಕು. ಹಾಗಾಗಿ ಆಮ್ಲಜನಕವನ್ನು ಹಿಡಿದಿಟ್ಟು ಅಳತೆಯಲ್ಲಿ ಬಿಡುವ ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಗಂಟಿನಲ್ಲಿರುತ್ತದೆ. ನಮ್ಮ ರಕ್ತಕ್ಕೆ ಬಣ್ಣ ಕೊಡುವ ಹಿಮೋಗ್ಲೋಬಿನ್ನಿಗೆ ಅದು ಬಂಧುವೇ. ಒಳಗೆ ಕೆಂಪಿದ್ದರೆ ಗಂಟು ದುಡಿಯುತ್ತಿದೆ ಎಂದರ್ಥ. ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ದುಡಿಮೆ ಇನ್ನೂ ಆರಂಭವಾಗಿಲ್ಲ, ಇಲ್ಲವೇ ಮುಗಿದಿದೆ. ಐದನೇ ತರಗತಿಯ ಮಗುವಿಗೆ ಪ್ರೋಟೀನಿನ ಹೆಸರು ಬೇಕಿಲ್ಲ. ಆದರೆ ಹತ್ತು ಗಿಡಗಳ ಗಂಟು ಎಣಿಸಿ, ಎಷ್ಟು ಕೆಂಪು, ಎಷ್ಟು ಬಿಳಿ ಎಂದು ಪಟ್ಟಿ ಮಾಡಿ, ತಗ್ಗಿನಲ್ಲಿ ನೀರು ನಿಂತ ಸಾಲಿಗೂ ಏರಿನ ಸಾಲಿಗೂ ವ್ಯತ್ಯಾಸವಿದೆಯೇ ಎಂದು ನೋಡುವುದು ಅದರ ಕೈಗೆಟಕುವ ಕೆಲಸ. ತೊಗರಿಯ ಮರುವರ್ಷ ಅದೇ ಹೊಲದಲ್ಲಿ ಜೋಳ ಚೆನ್ನಾಗಿ ಬರುತ್ತದೆ ಎಂದು ಮನೆಯಲ್ಲಿ ಅಜ್ಜ ಹೇಳುವ ಮಾತಿಗೆ ಆ ಪಟ್ಟಿಯಲ್ಲಿ ಒಂದು ಕಾರಣ ಸಿಗುತ್ತದೆ.

ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತೇವೆ. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಹೀಗಿರುವಾಗ ಇಲ್ಲಿನ ಮಗು ಮೊಳಕೆಯೊಡೆಯುವ ಪಾಠವನ್ನು ಪುಸ್ತಕದಲ್ಲಿ ಮುದ್ರಿತವಾದ ಯಾವುದೋ ಬೀಜದ ಚಿತ್ರದಿಂದ ಕಲಿಯಬೇಕಾಗಿಲ್ಲ. ಇಡೀ ತೊಗರಿ ಕಾಳು, ಅಡುಗೆಯ ತೊಗರಿಬೇಳೆ ಮತ್ತು ಹೆಸರುಕಾಳು ಈ ಮೂರನ್ನು ಪಕ್ಕಪಕ್ಕದಲ್ಲಿ ಬಿತ್ತಿದರೆ ಸಾಕು, ಒಂದು ವಾರಕ್ಕೆ ಬೇಕಾದಷ್ಟು ಪ್ರಶ್ನೆಗಳು ಏಳುತ್ತವೆ. ಬೇಳೆ ಮೊಳೆಯುವುದಿಲ್ಲ. ಗಿರಣಿಯಲ್ಲಿ ಸಿಪ್ಪೆ ತೆಗೆದು ಎರಡು ಹೋಳು ಮಾಡುವಾಗ ಒಳಗಿನ ಎಳೆಯ ಸಸಿಗೇ ಪೆಟ್ಟಾಗಿರುತ್ತದೆ. ಹೆಸರು ತನ್ನ ಎರಡು ಬೀಜದಳಗಳನ್ನು ಹೊತ್ತುಕೊಂಡು ಮಣ್ಣಿನ ಮೇಲೆ ಬರುತ್ತದೆ. ತೊಗರಿ ಅವುಗಳನ್ನು ಮಣ್ಣಿನೊಳಗೇ ಬಿಟ್ಟು ಕುಡಿಯನ್ನಷ್ಟೇ ಮೇಲೆ ಕಳಿಸುತ್ತದೆ. ದಿನವೂ ತಿನ್ನುವ ಬೇಳೆ ವಾಸ್ತವದಲ್ಲಿ ಎಳೆಯ ಸಸಿಗೆ ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿ ಎಂಬುದು ಆಗ ಯಾರೂ ಬಾಯಿಪಾಠ ಮಾಡಿಸದೆ ತಿಳಿಯುತ್ತದೆ. ಬುತ್ತಿ ಕಿತ್ತುಹಾಕಿದರೆ ಸಸಿ ಬದುಕೀತೇ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಹೆಸರಿನ ಮೊಳಕೆಯ ಬೀಜದಳ ಚಿವುಟಿ ನೋಡಿದರೆ ಅದಕ್ಕೂ ಉತ್ತರ ಅಲ್ಲೇ ಇದೆ.

ತೋಟ ಮಾಡಿಕೊಡುವ ಇನ್ನೊಂದು ದೊಡ್ಡ ಉಪಕಾರವೆಂದರೆ ಮನಸ್ಸಿನಲ್ಲಿ ಬೇರೂರಿದ ತಪ್ಪು ಕಲ್ಪನೆಯನ್ನು ಹೊರಗೆ ಎಳೆಯುವುದು. ಗಿಡ ಎಲ್ಲಿಂದ ಆಹಾರ ಪಡೆಯುತ್ತದೆ ಎಂದು ಕೇಳಿ ನೋಡಿ. ಮಕ್ಕಳಷ್ಟೇ ಏಕೆ, ದೊಡ್ಡವರಲ್ಲೂ ಬಹುತೇಕರು ‘ಮಣ್ಣಿನಿಂದ’ ಎನ್ನುತ್ತಾರೆ. ಹದಿನೇಳನೆಯ ಶತಮಾನದ ವಿಜ್ಞಾನಿ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಇದನ್ನೇ ಪರೀಕ್ಷಿಸಿದ್ದ. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ. ಗಿಡ 169 ಪೌಂಡಿಗೆ ಬೆಳೆಯಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. ಗಿಡದ ಮೈಯೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಳತೆ ಸರಿ, ತೀರ್ಮಾನ ಅರ್ಧ ಸರಿ. ಮಕ್ಕಳಿಗೆ ಈ ಕಥೆಯನ್ನು ಹೇಳುವುದು ಅಗತ್ಯ, ಏಕೆಂದರೆ ವಿಜ್ಞಾನ ಹೀಗೆ ಅರ್ಧರ್ಧ ಸರಿಯಾಗುತ್ತಲೇ ಮುಂದೆ ಬಂದಿದೆ ಎಂಬುದು ಪಠ್ಯಪುಸ್ತಕದ ಖಚಿತ ವಾಕ್ಯಗಳಲ್ಲಿ ಕಾಣುವುದಿಲ್ಲ. ಇದೇ ಪ್ರಯೋಗದ ಚಿಕ್ಕ ರೂಪ ನಮ್ಮ ಶಾಲೆಯಲ್ಲಿ ಸಾಧ್ಯ. ಮೂರು ದಿನ ಬಿಸಿಲಿಗೆ ಹರಡಿ ಒಣಗಿಸಿದ 5 ಕಿಲೊ ಮಣ್ಣನ್ನು ಅಡುಗೆ ಕೋಣೆಯ ತಕ್ಕಡಿಯಲ್ಲಿ ತೂಗಿ ಡಬ್ಬಿಗೆ ತುಂಬಬೇಕು, ಪುಂಡಿ ಬೆಳೆಯಬೇಕು, ಮೂರು ತಿಂಗಳ ನಂತರ ಗಿಡವನ್ನೂ ಮತ್ತೆ ಒಣಗಿಸಿದ ಮಣ್ಣನ್ನೂ ಬೇರೆಬೇರೆ ತೂಗಬೇಕು. ಅಂಗಡಿಯಿಂದ ಕೊಳ್ಳಬೇಕಾದದ್ದು ಏನೂ ಇಲ್ಲ.

ಮಣ್ಣಿನ ವಿಷಯದಲ್ಲಂತೂ ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳು ಮಕ್ಕಳಿಗೆ ತೆರೆದಿಟ್ಟ ಪುಸ್ತಕ. ಕಲಬುರಗಿಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ನೆಲದ ಕೆಂಪು ಮಣ್ಣು ನೀರನ್ನು ಬೇಗ ಕೆಳಕ್ಕೆ ಬಿಡುತ್ತದೆ. ಯಾದಗಿರಿಯ ಶಹಾಪುರ, ಸುರಪುರ ಕಡೆ ನಾರಾಯಣಪುರ ಕಾಲುವೆಯ ನೀರು ಹೆಚ್ಚಾದ ಕೆಲವು ತಗ್ಗಿನ ಹೊಲಗಳು ಸವಳಾಗಿ ಮೇಲೆ ಬಿಳಿ ಪದರು ಕಟ್ಟುತ್ತವೆ. ಬುಡ ಕತ್ತರಿಸಿ ಬಾಯಿಗೆ ಬಟ್ಟೆ ಕಟ್ಟಿದ ಎರಡು ನೀರಿನ ಬಾಟಲಿಗಳಲ್ಲಿ ಕರಿಮಣ್ಣು, ಕೆಂಪು ಮಣ್ಣು ಸಮನಾಗಿ ತುಂಬಿ, ಒಂದೊಂದು ಲೋಟ ನೀರು ಹಾಕಿ, ಕೆಳಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಇಳಿಯಿತೆಂದು ಬರೆದುಕೊಂಡರೆ, ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಮಳೆಯಿಲ್ಲದೆ ಹೇಗೆ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಬೀದರ್‌ನ ಮಕ್ಕಳಿಗಂತೂ ಇದೇ ಬಾಟಲಿಯಿಂದ ನೌಬಾದ್‌ನ ಸುರಂಗ ಬಾವಿಯವರೆಗೆ ದಾರಿ ಇದೆ. ರಂಧ್ರಮಯ ಜಂಬಿಟ್ಟಿಗೆಯಲ್ಲಿ ಇಳಿದ ಮಳೆನೀರು ಅಡಿಯ ಗಟ್ಟಿ ಕಪ್ಪುಶಿಲೆಗೆ ತಾಗಿ ಅಡ್ಡಕ್ಕೆ ಹರಿಯುವುದನ್ನು ಬಲ್ಲವರು ಬಹಮನಿ ಕಾಲದಲ್ಲಿ ಆ ಸುರಂಗ ತೋಡಿದ್ದರು.

ಇಷ್ಟೆಲ್ಲ ಹೇಳುವಾಗ, ತೋಟದಿಂದ ನಿಜಕ್ಕೂ ವಿಜ್ಞಾನದ ಕಲಿಕೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ಕಡೆಗಣಿಸಬಾರದು. ಅಮೆರಿಕದ ಟೆಕ್ಸಸ್ ರಾಜ್ಯದ ಟೆಂಪಲ್ ಎಂಬ ಊರಿನ ಏಳು ಪ್ರಾಥಮಿಕ ಶಾಲೆಗಳ 3ರಿಂದ 5ನೇ ತರಗತಿಯ 647 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೋಟದ ಚಟುವಟಿಕೆಯೊಂದಿಗೆ ವಿಜ್ಞಾನ ಕಲಿತ ಮಕ್ಕಳು ತರಗತಿಯೊಳಗೆ ಮಾತ್ರ ಕಲಿತವರಿಗಿಂತ ಹೆಚ್ಚು ಅಂಕ ಗಳಿಸಿದ್ದರು. 1990ರಿಂದ 2010ರವರೆಗಿನ 48 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಶಾಲಾ ತೋಟದ ಪರಿಣಾಮ ಬಹುಪಾಲು ಒಳ್ಳೆಯದೆಂದೂ, ವಿಜ್ಞಾನದಲ್ಲಿ ಅದು ಎದ್ದು ಕಾಣುತ್ತದೆಂದೂ ಗುರುತಿಸಿತು. ಅದರ ಜೊತೆಗೇ ಹಲವು ಅಧ್ಯಯನಗಳ ವಿಧಾನ ಸಾಕಷ್ಟು ಬಿಗಿಯಾಗಿಲ್ಲವೆಂದೂ ಹೇಳಿತು. ಅಲ್ಲಿನ ಶಾಲೆಗೂ ನಮ್ಮ ಇಬ್ಬರು ಶಿಕ್ಷಕರ ಶಾಲೆಗೂ ಅಂತರವಿದೆ. ಆ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತರಲಾಗದು. ಒಂದು ಅಂಶ ಮಾತ್ರ ನನಗೆ ಮುಖ್ಯವಾಗಿ ತೋರುತ್ತದೆ. ಆ ಮಕ್ಕಳಿಗೆ ತೋಟ ಪಾಠದ ಭಾಗವಾಗಿತ್ತು. ಪಾಠವಿಲ್ಲದ ತೋಟಕ್ಕೆ ಅದೇ ಫಲ ಸಿಗುತ್ತದೆಂದು ಆ ಅಧ್ಯಯನಗಳು ಹೇಳುವುದಿಲ್ಲ.

ಇಲ್ಲಿ ಪಾಲಕರ ಆಕ್ಷೇಪವನ್ನು ಗೌರವದಿಂದ ಕೇಳಬೇಕು. “ಮನ್ಯಾಗ ಮಾಡೂ ಕೆಲಸಾನೇ ಸಾಲ್ಯಾಗೂ ಮಾಡಸ್ತೀರೇನ್ರಿ? ನಾಕ ಅಕ್ಷರ ಕಲೀಲಿ ಅಂತ ಕಳಸೀವಿ” ಎಂದು ಒಬ್ಬ ತಾಯಿ ಶಾಲಾ ಸಭೆಯಲ್ಲಿ ಎದ್ದು ನಿಂತು ಕೇಳಿದ್ದನ್ನು ನಾನು ಮರೆತಿಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಮಕ್ಕಳ ಹಾಜರಾತಿ ಇಳಿಯುವ, ಮನೆಮಂದಿಯೆಲ್ಲ ಗುಳೆ ಹೋಗುವ ಊರುಗಳ ತಾಯಿ ಹೀಗೆ ಕೇಳುವುದು ಸಹಜ, ನ್ಯಾಯವೂ ಹೌದು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ ಕೈಕೆಲಸದ ಮೂಲಕ ಕಲಿಕೆ ಎಂಬ ದೊಡ್ಡ ವಿಚಾರ. ಆದರೆ ಕಲಿಕೆ ಸೋರಿಹೋಗಿ ಬರೀ ಕೆಲಸ ಉಳಿದರೆ, ಶಾಲೆ ಎಂಬ ಒಂದೇ ಬಿಡುಗಡೆಯ ಜಾಗವನ್ನೂ ಆ ಮಗುವಿನಿಂದ ಕಿತ್ತುಕೊಂಡಂತೆ. ಇನ್ನೂ ನೋವಿನ ಸಂಗತಿಯೆಂದರೆ, ಗಮನಿಸದೆ ಬಿಟ್ಟರೆ ಊರಿನ ಹಳೆಯ ಹಂಚಿಕೆ ತೋಟಕ್ಕೂ ನುಗ್ಗುತ್ತದೆ. ಹುಡುಗಿಯರು ಕೊಡ ಹೊರುತ್ತಾರೆ, ಹುಡುಗರು ಅಳತೆಪಟ್ಟಿ ಹಿಡಿಯುತ್ತಾರೆ, ಗೊಬ್ಬರದ ಗುಂಡಿಗೆ ಇಳಿಯುವವರು ಪ್ರತಿ ಸಲವೂ ಅದೇ ಓಣಿಯ ಮಕ್ಕಳಾಗಿರುತ್ತಾರೆ. ಗುಂಪು ಮಾಡುವಾಗ ನೀರು, ಗೊಬ್ಬರ, ಅಳತೆ, ಬರವಣಿಗೆ ಈ ನಾಲ್ಕೂ ಕೆಲಸ ಪ್ರತಿ ವಾರ ಎಲ್ಲರಿಗೂ ಸುತ್ತಿ ಬರುವಂತೆ ಶಿಕ್ಷಕರೇ ಪಟ್ಟಿ ಬರೆದು ಗೋಡೆಗೆ ಹಚ್ಚಬೇಕು. ದೈಹಿಕ ಕೆಲಸ ವಾರಕ್ಕೆ ಅರ್ಧ ತಾಸು ಮೀರಬಾರದು, ನೋಡುವ, ಎಣಿಸುವ, ಬರೆಯುವ ಸಮಯ ಅದರ ಎರಡರಷ್ಟಾದರೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗಾದಾಗ ಆ ತಾಯಿಗೆ ಮಗಳ ವಹಿಯನ್ನೇ ತೋರಿಸಿ ಉತ್ತರ ಕೊಡಬಹುದು.

ನೀರು ಮತ್ತು ಬೇಸಿಗೆ ಎರಡನೆಯ ಆಕ್ಷೇಪ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುತ್ತದೆ, ಶಾಲೆಗೆ ರಜೆ, ನೀರು ಹಾಕುವವರಿಲ್ಲ, ತೋಟ ಒಣಗುತ್ತದೆ. ಇದನ್ನು ಸೋಲೆಂದು ಭಾವಿಸಿ ಎಷ್ಟೋ ಶಾಲೆಗಳು ಮರುವರ್ಷ ತೋಟದ ಗೋಜಿಗೇ ಹೋಗುವುದಿಲ್ಲ. ಆದರೆ ಈ ನಾಡಿನ ಬೇಸಾಯವೂ ಬೇಸಿಗೆಯಲ್ಲಿ ನಿಲ್ಲುತ್ತದೆ, ಯಾವ ರೈತನೂ ಅದನ್ನು ಸೋಲೆನ್ನುವುದಿಲ್ಲ. ಶಾಲೆಯ ತೋಟವೂ ಮುಂಗಾರಿ, ಹಿಂಗಾರಿಯ ಲೆಕ್ಕದಲ್ಲೇ ನಡೆಯಲಿ. ಜೂನ್‌ನಲ್ಲಿ ಹೆಸರು, ತೊಗರಿ, ಪುಂಡಿ. ದಸರಾ ರಜೆಯ ಆಸುಪಾಸಿನಲ್ಲಿ ಜೋಳ, ಕಡಲೆ, ಮೆಂತೆ. ಹೆಸರು ಸುಮಾರು ಎಪ್ಪತ್ತು ದಿನಕ್ಕೆ ಕೈಗೆ ಬಂದರೆ ತೊಗರಿ ಡಿಸೆಂಬರ್, ಜನವರಿವರೆಗೆ ನಿಲ್ಲುತ್ತದೆ. ಹೀಗಾಗಿ ಬೀಜದಿಂದ ಬೀಜದವರೆಗಿನ ಪೂರ್ತಿ ಬಾಳನ್ನು ಮಗು ಒಂದೇ ಶಾಲಾ ವರ್ಷದಲ್ಲಿ ಎರಡು ವೇಗಗಳಲ್ಲಿ ನೋಡುತ್ತದೆ. ಬೇಸಿಗೆ ದಾಟಬೇಕಾದ ನುಗ್ಗೆ, ಕರಿಬೇವು ರಜೆಗೆ ಮುನ್ನವೇ ಚೆನ್ನಾಗಿ ಬೇರೂರಬೇಕು; ಶಾಲೆ ನಡೆಯುವ ದಿನಗಳಲ್ಲಿ ಮಕ್ಕಳು ಕೈ ತೊಳೆದ ನೀರು ಅವುಗಳ ಬುಡಕ್ಕೆ ಹರಿಯುವಂತೆ ಒಂದು ಸಣ್ಣ ಕಾಲುವೆ ತೋಡಬಹುದು. ನೂರು ಮಕ್ಕಳು ಊಟದ ಹಿಂದುಮುಂದು ತಲಾ ಅರ್ಧ ಲೀಟರಿನಂತೆ ಬಳಸಿದರೂ ದಿನಕ್ಕೆ ನೂರು ಲೀಟರ್ ಆಯಿತು. ಈ ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಬಹುದು.

ಚಳಿಗಾಲದ ಕಡಲೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹೊಲದಲ್ಲಿ ನಡೆದು ಬಂದ ಮಗುವಿಗೆ ಕೈಕಾಲು ಚುರುಗುಟ್ಟುವುದು, ಎಲೆ ನೆಕ್ಕಿದರೆ ಹುಳಿಯಾಗುವುದು ಗೊತ್ತು. ರಾತ್ರಿ ಬಿಳಿ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಸಂಗ್ರಹಿಸುವ ರೂಢಿಯೂ ಹಳ್ಳಿಗಳಲ್ಲಿತ್ತು. ಗಿಡದ ರೋಮಗಳು ಸ್ರವಿಸುವ ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳು ಅದರಲ್ಲಿವೆ. ಕೆಂಪು ದಾಸವಾಳದ ರಸದಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರನ್ನು ಆ ಇಬ್ಬನಿಗೆ ತಾಗಿಸಿದರೆ ಗುಲಾಬಿಗೆಂಪಾಗುತ್ತದೆ, ಸುಣ್ಣದ ತಿಳಿನೀರಿಗೆ ತಾಗಿಸಿದರೆ ಹಸಿರಾಗುತ್ತದೆ. ಆಮ್ಲ, ಪ್ರತ್ಯಾಮ್ಲ ಎಂಬ ಪದಗಳನ್ನು ಏಳನೇ ತರಗತಿಯಲ್ಲಿ ಮೊದಲ ಬಾರಿ ಕೇಳುವ ಹೊತ್ತಿಗೆ ಆ ಮಗುವಿನ ನಾಲಿಗೆ ಮತ್ತು ಕಣ್ಣು ಎರಡೂ ಅವುಗಳನ್ನು ಬಲ್ಲವಾಗಿರುತ್ತವೆ.

ಗಿಡ ಸಾಯುವುದೂ ಪಾಠವೇ. ತೊಗರಿಗೆ ನೆಟೆರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿದ 2022ರ ಹಂಗಾಮು ಈ ಭಾಗದ ಬಹಳ ಮನೆಗಳಿಗೆ ನೆನಪಿದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನು ಕಟ್ಟಿಬಿಡುತ್ತದೆ, ಆದ್ದರಿಂದ ಭೂಮಿಯಲ್ಲಿ ಹಸಿ ಇದ್ದರೂ ಗಿಡ ನೀರಡಿಸಿದಂತೆ ಬಾಡುತ್ತದೆ. ಬಿಳಿ ಸೇವಂತಿಗೆಯ ದಂಟನ್ನು ಶಾಯಿ ಬೆರೆಸಿದ ನೀರಿನಲ್ಲಿಟ್ಟು ಹೂವಿಗೆ ಬಣ್ಣ ಏರುವುದನ್ನು ಒಂದು ದಿನ ನೋಡಿದ ಮಕ್ಕಳು, ಮರುದಿನ ನೆಟೆ ಬಿದ್ದ ತೊಗರಿ ಕಾಂಡವನ್ನು ಉದ್ದಕ್ಕೆ ಸೀಳಿ ಒಳಗಿನ ಕಂದುಗಪ್ಪು ಗೆರೆಯನ್ನು ನೋಡಿದರೆ, ಅಪ್ಪ ಆ ವರ್ಷ ತಲೆ ಮೇಲೆ ಕೈಹೊತ್ತು ಕೂತದ್ದೇಕೆ ಎಂಬುದಕ್ಕೆ ಅವರಿಗೆ ಒಂದು ಉತ್ತರ ಸಿಗುತ್ತದೆ. ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಟಿಎಸ್-3ಆರ್‌ನಂತಹ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ ಎನ್ನುತ್ತಾರೆ, ಹೇಗೆ? ಅದನ್ನು ಕೇಳಲು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ, ಬೀದರ್‌ನ ಜನವಾಡ ಮತ್ತು ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಈ ಕೇಂದ್ರಗಳು ರೈತರಿಗಾಗಿ ಇರುವಂತೆ ರೈತರ ಮಕ್ಕಳಿಗಾಗಿಯೂ ವರ್ಷಕ್ಕೆರಡು ದಿನ ಬಾಗಿಲು ತೆರೆದರೆ ಶಾಲೆಗಳಿಗೆ ದೊಡ್ಡ ಆಸರೆಯಾದೀತು.

ಶಿಕ್ಷಕರ ಮೇಲಿನ ಹೊರೆ ಸಣ್ಣದಲ್ಲ ಎಂಬುದನ್ನು ಒಪ್ಪುತ್ತೇನೆ. ಖಾಲಿ ಹುದ್ದೆಗಳು, ಅತಿಥಿ ಶಿಕ್ಷಕರು, ಒಂದೇ ಕೋಣೆಯಲ್ಲಿ ಮೂರು ತರಗತಿ, ಮೇಲೆ ದಾಖಲೆಗಳ ಕೆಲಸ. ಆದ್ದರಿಂದಲೇ ತೋಟವನ್ನು ಇನ್ನೊಂದು ಯೋಜನೆಯಾಗಿ ಅವರ ತಲೆಗೆ ಹೊರಿಸಬಾರದು. ಈಗಿರುವ ಪರಿಸರ ಅಧ್ಯಯನ ಮತ್ತು ಗಣಿತದ ಅವಧಿಗಳನ್ನೇ ವಾರಕ್ಕೆರಡು ಸಲ ಹೊರಗೆ ನಡೆಸಲು ಅವರಿಗೆ ಲಿಖಿತ ಅನುಮತಿ ಬೇಕು. ತಿಂಗಳಿಗೊಮ್ಮೆ ಬರುವ ಬ್ಯಾಗ್ ರಹಿತ ಶನಿವಾರ ಇದಕ್ಕೆ ಸಾಲದು, ಮೊಳಕೆ ಶನಿವಾರದವರೆಗೆ ಕಾಯುವುದಿಲ್ಲ. ಹಲವು ತರಗತಿಗಳು ಒಟ್ಟಿಗಿರುವ ಶಾಲೆಗೆ ತೋಟ ಅನುಕೂಲವೇ ಸರಿ: ಮೂರನೆಯವರು ಎಲೆ ಎಣಿಸುತ್ತಾರೆ, ನಾಲ್ಕನೆಯವರು ಎತ್ತರ ಅಳೆಯುತ್ತಾರೆ, ಐದನೆಯವರು ಅದನ್ನು ಸ್ತಂಭನಕ್ಷೆಯಾಗಿ ಬರೆಯುತ್ತಾರೆ, ಗಿಡ ಒಂದೇ. ಶಾಲೆಗೆ ಬರುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರು ತೋಟದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಬದಲು ಮಕ್ಕಳ ವಹಿ ತೆರೆದು, ‘ಈ ವಾರ ಎತ್ತರ ಏಕೆ ಹೆಚ್ಚಲಿಲ್ಲ?’ ಎಂದು ಒಂದು ಪ್ರಶ್ನೆ ಕೇಳಿದರೆ, ಮುಂದಿನ ಭೇಟಿಯ ಹೊತ್ತಿಗೆ ಶಾಲೆಯ ಗಮನ ಗಿಡದ ಹಸಿರಿನಿಂದ ಆ ವಹಿಯ ಕಡೆಗೆ ತಿರುಗಿರುತ್ತದೆ.

ಮೃಗಶಿರಾ ಮಳೆ ಹುಟ್ಟುವುದು ಜೂನ್ 7-8ರ ಹೊತ್ತಿಗೆ. ಶಾಲೆ ಬಾಗಿಲು ತೆರೆಯುವುದು ಅದಕ್ಕೆ ಒಂದು ವಾರವೋ ಹತ್ತು ದಿನವೋ ಮೊದಲು. ಹಾಗಾಗಿ ಒಂದು ಕಿಲೊ ತೊಗರಿ, ಒಂದು ಕಿಲೊ ಹೆಸರು, ಹಿಡಿ ಪುಂಡಿ ಬೀಜ, ಮಗುವಿಗೊಂದು ನೂರು ಪುಟದ ವಹಿ, ಶಾಲೆಗೊಂದು ಅಳತೆಪಟ್ಟಿ, ಇವು ಮೇ ಕೊನೆಯೊಳಗೆ ಮುಖ್ಯ ಶಿಕ್ಷಕರ ಕೋಣೆಯ ಕಪಾಟಿನಲ್ಲಿರಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಏಪ್ರಿಲ್‌ನಲ್ಲೇ ಇದನ್ನು ತೀರ್ಮಾನಿಸಿದರೆ ಬೀಜಕ್ಕೆ ಯಾವ ಇಲಾಖೆಯನ್ನೂ ಕೇಳಬೇಕಾಗಿಲ್ಲ. ಊರಿನ ಯಾವ ಮನೆಯಲ್ಲಿ ಕೇಳಿದರೂ ಒಂದು ಸೇರು ತೊಗರಿಯನ್ನು ಶಾಲೆಗೆ ಇಲ್ಲವೆನ್ನುವವರು ನಮ್ಮ ಕಡೆ ಇಲ್ಲ.